ಅಂಕಿಗಳಿಲ್ಲದ ರಿಮೋಟ್

ಕಳೆದ ವರ್ಷ ಮೃಗಶಿರ ಮಳೆ ಶುರುವಾಗುವ ಹೊತ್ತು. ಶಾಲೆಯಲ್ಲಿ ಪಾಠ ಮಾಡಿ ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದಳು. ಟಿ.ವಿ. ಹಚ್ಚಿತ್ತು, ಆದರೆ ಅದರಲ್ಲಿ ಮಾತಿರಲಿಲ್ಲ, ಹಾಡಿರಲಿಲ್ಲ. ಪರದೆಯ ಮೇಲೆ ಒಂದು ಬಿಳಿ ಚೌಕ, ಅದರೊಳಗೆ ಆರು ಖಾಲಿ ಮನೆಗಳು. ಮೊಬೈಲಿಗೆ ಬಂದ ಒಟಿಪಿಯನ್ನು ಇಲ್ಲಿ ತುಂಬಿರಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆ ಒಟಿಪಿ ಬಂದದ್ದು ನನ್ನ ಮೊಬೈಲಿಗೆ. ಮೊಬೈಲ್ ಇದ್ದದ್ದು ಶಾಲೆಯಲ್ಲಿ, ನನ್ನ ಚೀಲದೊಳಗೆ. ತೆಗೆದು ನೋಡಿದರೆ ನಾಲ್ಕು ಸಂದೇಶಗಳಿದ್ದವು, ನಾಲ್ಕರಲ್ಲೂ ಬೇರೆ ಬೇರೆ ಆರಂಕಿ. ಅಂದರೆ ಅವ್ವ ನಾಲ್ಕು ಸಲ ಪ್ರಯತ್ನಿಸಿದ್ದಾಳೆ. ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ ಆ ಬಿಳಿ ಚೌಕದ ಮುಂದೆಯೇ ಇದ್ದಾಳೆ. ನನ್ನನ್ನು ನೋಡಿದ ಕೂಡಲೇ, "ಏನೋ ಕೇಳುತ್ತಿದೆ ತಂಗೀ, ಏನು ಕೇಳುತ್ತಿದೆಯೋ ನನಗೆ ತಿಳಿಯಲಿಲ್ಲ" ಎಂದಳು. ಆಮೇಲೆ ದನಿ ತಗ್ಗಿಸಿ, "ನಾನು ಏನೂ ಕೆಡಿಸಿಲ್ಲ" ಎಂದಳು.

ಆ ಕೊನೆಯ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಎಪ್ಪತ್ತೈದು ದಾಟಿದ ಹೆಣ್ಣುಮಗಳು. ಒಕ್ಕಲುತನದ ಮನೆಯನ್ನು ಒಬ್ಬಳೇ ನಿಭಾಯಿಸಿದವಳು, ಮೂರು ಮಕ್ಕಳನ್ನು ಓದಿಸಿದವಳು. ತನ್ನ ಮನೆಯ ಪಡಸಾಲೆಯಲ್ಲಿ, ತನ್ನ ಮಗ ತಂದುಕೊಟ್ಟ ಟಿ.ವಿ. ಮುಂದೆ ತಪ್ಪು ಮಾಡಿದವಳ ಹಾಗೆ ಕುಳಿತಿದ್ದಳು.

ಟಿ.ವಿ. ಬಂದದ್ದು ಆ ಯುಗಾದಿಗೆ. ಪುಣೆಯಲ್ಲಿರುವ ತಮ್ಮ ಕೊಡಿಸಿದ. ಗೋಡೆಗೆ ಅಂಟಿಕೊಂಡಂತೆ ನಿಲ್ಲುವ ದೊಡ್ಡ ಟಿ.ವಿ., ಅದಕ್ಕೆ ಫೈಬರ್ ಸಂಪರ್ಕ. ಇನ್ನು ಕೇಬಲ್ ಏಕೆ ಬೇಕು ಎಂದು ಸೆಟ್‌ಟಾಪ್ ಬಾಕ್ಸನ್ನು ಬಿಚ್ಚಿ ಅಟ್ಟದ ಮೇಲಿಟ್ಟವಳು ನಾನೇ. ಬಾಕ್ಸಿನ ಜೊತೆ ಅದರ ರಿಮೋಟೂ ಅಟ್ಟಕ್ಕೆ ಹೋಯಿತು. ಅವ್ವನಿಗೆ ಓದಲು ಬರುವುದಿಲ್ಲ. ಆದರೆ ಅಂಕಿ ಬರುತ್ತದೆ. ನೋಟಿನ ಮೇಲಿನ ಅಂಕಿ, ಗೋಡೆಯ ಕ್ಯಾಲೆಂಡರಿನ ಅಂಕಿ, ಹಾಲಿನ ಲೆಕ್ಕದ ಅಂಕಿ ಇವೆಲ್ಲವನ್ನೂ ಬದುಕೇ ಕಲಿಸಿದೆ. ಹಳೆಯ ರಿಮೋಟಿನಲ್ಲಿ ಆ ಅಂಕಿಗಳೇ ಅವಳ ಅಕ್ಷರಗಳಾಗಿದ್ದವು. ಚಂದನಕ್ಕೆ ಇಂಥ ಮೂರಂಕಿ, ಸಂಜೆಯ ಧಾರಾವಾಹಿಗೆ ಇಂಥ ಮೂರಂಕಿ, ವಾರ್ತೆಗೆ ಇನ್ನೊಂದು ಎಂದು ಬಾಯಿಪಾಠ ಮಾಡಿಕೊಂಡಿದ್ದಳು. ಅಟ್ಟದಿಂದ ಆ ರಿಮೋಟನ್ನು ಇಳಿಸಿ ನೋಡಿದೆ. ಒಂದು, ಎರಡು, ಏಳರ ಗುಂಡಿಗಳ ಮೇಲಿನ ಬಣ್ಣ ಪೂರ್ತಿ ಸವೆದಿದೆ. ಉಳಿದವು ಹೊಸದರಂತೆಯೇ ಇವೆ. ಹಿಂಬದಿಯ ಮುಚ್ಚಳ ಸಡಿಲವಾಗಿದ್ದಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದಾಳೆ. ಹೊಸ ರಿಮೋಟ್ ಕರಿಯ, ತೆಳ್ಳನೆಯ ಕಡ್ಡಿ. ಅದರ ಮೇಲೆ ಒಂದೂ ಅಂಕಿ ಇಲ್ಲ. ನಡುವೆ ಒಂದು ಉಂಗುರ, ಕೆಳಗೆ ನಾಲ್ಕು ಉದ್ದನೆಯ ಗುಂಡಿ, ಅವುಗಳ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಕಂಪನಿಗಳ ಹೆಸರು. ಮಾತನಾಡಲು ಒಂದು ಗುಂಡಿ ಇದೆ. ಅದನ್ನು ಒತ್ತಿ ಹಿಡಿದು ಬೇಕಾದುದನ್ನು ಕೇಳಬಹುದು ಎಂದು ತಮ್ಮ ತೋರಿಸಿಕೊಟ್ಟಿದ್ದ. ಅವ್ವ ಕೇಳಿದಳು. ನಮ್ಮ ಕಡೆಯ ಅವಳ ಮಾತು ಅದಕ್ಕೆ ಹಿಡಿಯಲಿಲ್ಲ. ಮತ್ತೊಮ್ಮೆ ಹೇಳಿ ಎಂದಿತು. ಮೂರನೆಯ ಸಲಕ್ಕೆ ಅವಳು ಬೆರಳು ತೆಗೆದುಬಿಟ್ಟಳು. ಆಮೇಲೆ ಆ ಗುಂಡಿಯನ್ನು ಮುಟ್ಟಿಯೇ ಇಲ್ಲ.

ಮಾಸ್ತರರ ಬೀಗದ ಕೈ

ಟಿ.ವಿ. ನಮ್ಮ ಕಡೆಗೆ ಮೊದಲು ಬಂದದ್ದು ಹೇಗೆ ಎಂಬುದು ನಮ್ಮ ಕಲಬುರಗಿ (ಆಗಿನ ಗುಲಬರ್ಗಾ) ಜಿಲ್ಲೆಯ ಹೊಸ ತಲೆಮಾರಿಗೆ ಅಷ್ಟಾಗಿ ಗೊತ್ತಿಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಿಂದ, ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಟಿ.ವಿ. ನೋಡಿದವು. ಯಾದಗಿರಿ ಆಗ ನಮ್ಮ ಜಿಲ್ಲೆಯೊಳಗೇ ಇತ್ತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಚಿತ್ರ ಇಳಿಸಿದ ಪ್ರಯೋಗ ಅದು. ಸೈಟ್ ಎಂದು ಅದರ ಹೆಸರು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಉಪಗ್ರಹ ಒಂದೇ ಚಿತ್ರವನ್ನು ಎರಡು ಧ್ವನಿಗಳೊಂದಿಗೆ ಕಳಿಸಬಲ್ಲದಾಗಿತ್ತು. ಇವತ್ತು ಸಿನಿಮಾ ನೋಡುವ ಮೊದಲು ಭಾಷೆ ಆರಿಸಿಕೊಳ್ಳುತ್ತೇವಲ್ಲ, ಅದರ ಬೇರು ಅಷ್ಟು ಹಿಂದಿನದು.

ನನಗೆ ಆಗ ಆರು ವರ್ಷ. ನಮ್ಮೂರ ಶಾಲೆಯ ಮೇಲೆ ಜಾಲರಿಯ ಒಂದು ದೊಡ್ಡ ಬುಟ್ಟಿ ಕೂತಿತ್ತು. ಕೋಳಿಗೂಡಿಗೆ ಹೊಡೆಯುವಂಥದೇ ತಂತಿ, ಎರಡಾಳು ಕೈಚಾಚಿ ನಿಂತಷ್ಟು ಅಗಲ, ಸೂರ್ಯ ಮುಳುಗುವ ಕಡೆಗೆ ವಾಲಿಕೊಂಡು ನಿಂತಿತ್ತು. ಟಿ.ವಿ. ಇದ್ದದ್ದು ಬಾಗಿಲಿರುವ ಮರದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಬೀಗ. ಬೀಗದ ಕೈ ಮಾಸ್ತರರ ಬಳಿ, ಅವರ ಧೋತರದ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಮಾಸ್ತರರು ಬಂದು ಬೀಗ ತೆಗೆಯುತ್ತಿದ್ದರು. ಪೆಟ್ಟಿಗೆಯ ಎರಡೂ ಬಾಗಿಲು ಗುಡಿಯ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತಿದ್ದವು. ಮಕ್ಕಳು ಮುಂದೆ ಶಹಾಬಾದ್ ಪರ್ಸಿಯ ಮೇಲೆ. ದಿನವಿಡೀ ಕಾದ ಕಲ್ಲು ಆ ಹೊತ್ತಿಗೂ ತೊಡೆಗೆ ಬಿಸಿ ತಾಗಿಸುತ್ತಿತ್ತು. ಗಂಡಸರು ನಡುವೆ. ಹೆಂಗಸರು ಹಿಂದೆ, ಗೋಡೆಗೆ ಒರಗಿ, ಸೆರಗು ಹೊದ್ದು, ನಿಂತೇ ನೋಡುತ್ತಿದ್ದರು. ನನ್ನ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಅವ್ವ ಆ ಗೋಡೆಯ ಹತ್ತಿರ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಊರ ಹೊರಗಿನ ಕೇರಿಯವರು ಇನ್ನೂ ಆಚೆ, ಶಾಲೆಯ ಅಂಗಳದ ಗೋಡೆಯ ಹೊರಗೆ ನಿಲ್ಲುತ್ತಿದ್ದರು. ಅಲ್ಲಿಂದ ಅವರಿಗೆ ಎಷ್ಟು ಕಾಣುತ್ತಿತ್ತೋ, ಎಷ್ಟು ಕೇಳುತ್ತಿತ್ತೋ. ಆಗ ಅದು ನನಗೆ ಹೊಳೆದಿರಲಿಲ್ಲ.

ಈ ಕೊನೆಯ ಮಾತನ್ನು ಬರೆಯದೆ ಹೋದರೆ ನಾನು ಸುಳ್ಳು ಬರೆದಂತಾಗುತ್ತದೆ. ಹಿಂದೆ ಎಲ್ಲರೂ ಒಟ್ಟಿಗೆ ಕುಳಿತು ನೋಡುತ್ತಿದ್ದರು, ಈಗ ಒಬ್ಬೊಬ್ಬರೇ ನೋಡುತ್ತಾರೆ ಎಂದು ಸಭೆಗಳಲ್ಲಿ ಭಾಷಣ ಮಾಡುವವರನ್ನು ಕೇಳಿದಾಗಲೆಲ್ಲ ನನಗೆ ಆ ಗೋಡೆ ನೆನಪಾಗುತ್ತದೆ. ಎಲ್ಲರೂ ಕುಳಿತಿರಲಿಲ್ಲ. ಆ ಕೇರಿಯ ಹುಡುಗ ಇವತ್ತು ತನ್ನ ಮೊಬೈಲಿನಲ್ಲಿ ತನಗೆ ಬೇಕಾದ್ದನ್ನು ನೋಡುತ್ತಾನಲ್ಲ, ಅವನು ಯಾರ ಗೋಡೆಯ ಹೊರಗೂ ನಿಂತಿಲ್ಲ. ಅದು ಸಣ್ಣ ಮಾತಲ್ಲ.

ಆದರೆ ಬೀಗದ ಕೈಯ ವಿಷಯ ಬೇರೆ. ಮಾಸ್ತರರ ಕೈಯಲ್ಲಿ ಬೀಗದ ಕೈ ಇದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವರು ಬರುವುದು ತಡವಾದರೆ ನಾವು ಅವರ ಮನೆ ಮುಂದೆ ಹೋಗಿ ಕೂಗುತ್ತಿದ್ದೆವು. ಉಣ್ಣುತ್ತಿದ್ದರೆ ಉಂಡು ಬರುತ್ತಿದ್ದರು, ಜ್ವರವಿದ್ದರೆ ಮಗನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಬೀಗ ಆಗಲೂ ಇತ್ತು. ಕೂಗಲು ಒಂದು ಮನೆಯೂ ಇತ್ತು. ಅವ್ವ ಆ ಬಿಳಿ ಚೌಕದ ಮುಂದೆ ಕುಳಿತ ದಿನ ಸಹಾಯವಾಣಿಗೆ ಕರೆ ಮಾಡಿದೆ. ಭಾಷೆಗೆ ಒಂದು ಅಂಕಿ ಒತ್ತಿ, ವಿಷಯಕ್ಕೆ ಇನ್ನೊಂದು ಒತ್ತಿ ಎಂದು ಹೇಳುತ್ತಾ ಹೋಯಿತು. ಹದಿನೈದು ನಿಮಿಷದಲ್ಲಿ ಒಬ್ಬ ಮನುಷ್ಯನ ದನಿಯೂ ಕೇಳಲಿಲ್ಲ.

ಒಂದು ವರ್ಷ ಮುಗಿದ ಮೇಲೆ, 1976ರ ಜುಲೈ 31ಕ್ಕೆ ಪ್ರಯೋಗ ನಿಂತಿತು. ಉಪಗ್ರಹವನ್ನು ನಾಸಾ ವಾಪಸ್ ಕರೆಸಿಕೊಂಡಿತು. ಆ ಮೇಲೂ ನಾವು ಮಕ್ಕಳು ಕೆಲವು ದಿನ ಶಾಲೆಯ ಮುಂದೆ ಹೋಗಿ ಕುಳಿತದ್ದುಂಟು. 1977ರಲ್ಲಿ ಗುಲಬರ್ಗಾದಲ್ಲೇ ದೂರದರ್ಶನದ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು. ಎಲ್ಲದರಲ್ಲೂ ಹಿಂದುಳಿದ ಜಿಲ್ಲೆ ಎಂದು ಕರೆಸಿಕೊಂಡ ನಾವು ಇದೊಂದರಲ್ಲಿ ಮೊದಲಿದ್ದೆವು.

ಕೇಬಲ್ ತಮ್ಮ

ಆಂಟೆನಾ ತಿರುಗಿಸುವ ಕಾಲವನ್ನು ಎಲ್ಲರೂ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. 1987ರಲ್ಲಿ ಭಾನುವಾರದ ರಾಮಾಯಣಕ್ಕೆ ಬೀದಿಗಳು ಖಾಲಿಯಾದದ್ದೂ ಎಲ್ಲರಿಗೂ ಗೊತ್ತಿದೆ. ನಾನು ಹೇಳಬೇಕಾದದ್ದು ನಮ್ಮ ಓಣಿಯ ಕೇಬಲ್ ಹುಡುಗನ ವಿಷಯ. ಈಗ ಅವನಿಗೂ ಐವತ್ತು ಸಮೀಪಿಸಿದೆ, ಆದರೂ ಅವ್ವನ ಬಾಯಲ್ಲಿ ಇನ್ನೂ ಕೇಬಲ್ ತಮ್ಮನೇ.

ತೊಂಬತ್ತರ ದಶಕದ ಕೊನೆಗೆ ಬೇವಿನ ಮರದಿಂದ ಬೇವಿನ ಮರಕ್ಕೆ ಕಪ್ಪು ತಂತಿ ಎಳೆದು ನಮ್ಮ ಓಣಿಗೆ ಹತ್ತಾರು ಚಾನೆಲ್ ತಂದವನು ಅವನೇ. ತಿಂಗಳ ಮೊದಲ ವಾರ ಸಣ್ಣ ಪುಸ್ತಕ ಹಿಡಿದು ಬರುತ್ತಿದ್ದ. ಹಣ ಇಲ್ಲದಿದ್ದರೆ "ಆಗಲಿ ಅವ್ವಾರೇ, ಮುಂದಿನ ವಾರ ಬರುತ್ತೇನೆ" ಎಂದು ಚಹಾ ಕುಡಿದು ಹೋಗುತ್ತಿದ್ದ. ತೊಗರಿ ಮಾರಿ ದುಡ್ಡು ಬರುವವರೆಗೆ ಎರಡು ತಿಂಗಳು ಕಾದದ್ದೂ ಇದೆ. ಅವನ ಕಂಟ್ರೋಲ್ ರೂಮ್ ಎಂದರೆ ಒಂದು ಸಣ್ಣ ಕೋಣೆ, ಮಾಳಿಗೆಯ ಮೇಲೆ ನಾಲ್ಕು ಡಿಶ್. ಯಾವ ಚಾನೆಲ್ ಬರಬೇಕು, ಯಾವುದು ಯಾವ ಸಂಖ್ಯೆಯಲ್ಲಿ ಬರಬೇಕು ಎಂಬುದನ್ನು ಅವನೇ ತೀರ್ಮಾನಿಸುತ್ತಿದ್ದ. ಅವನದೇ ಒಂದು ಸ್ವಂತ ಚಾನೆಲೂ ಇತ್ತು. ದಿನವಿಡೀ ಸಿನಿಮಾ, ಕೆಳಗೆ ಓಡುವ ಪಟ್ಟಿ. ಆ ಪಟ್ಟಿಯಲ್ಲಿ ಮದುವೆಯ ಶುಭಾಶಯ, ಬಟ್ಟೆ ಅಂಗಡಿಯ ರಿಯಾಯಿತಿ, ನಾಳೆ ನಲ್ಲಿಯಲ್ಲಿ ನೀರು ಬರುವ ಸಮಯ. ಒಮ್ಮೆ ನಮ್ಮ ಪಕ್ಕದ ಓಣಿಯ ವಯಸ್ಸಾದ ಮನುಷ್ಯರೊಬ್ಬರು ಮರೆವಿನಲ್ಲಿ ಮನೆ ಬಿಟ್ಟು ಹೋದಾಗ ಅವರ ಫೋಟೊ ಆ ಚಾನೆಲಿನಲ್ಲಿ ಸಂಜೆ ಆರಕ್ಕೆ ಬಂತು. ರಾತ್ರಿ ಎಂಟರೊಳಗೆ ಸೂಪರ್ ಮಾರ್ಕೆಟಿನ ಹತ್ತಿರದ ಒಂದು ಖಾನಾವಳಿಯಿಂದ ಯಾರೋ ಅವರನ್ನು ಕರೆತಂದು ಬಿಟ್ಟರು. ಟಿ.ವಿ. ಊರಿಗೆ ಅಷ್ಟು ಹತ್ತಿರವಿತ್ತು.

2017ರ ಮಾರ್ಚ್ ಕೊನೆಗೆ ದೇಶದ ಎಲ್ಲ ಊರುಗಳಲ್ಲೂ ಕೇಬಲ್‌ಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರ ಫೆಬ್ರುವರಿಯಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ ನೂರು ಚಾನೆಲಿಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಹಣ ಕೊಟ್ಟು ನೋಡುವ ಚಾನೆಲಿಗೆ ಒಂದೊಂದಕ್ಕೂ ಬೇರೆ ದರ ಎಂದಾಯಿತು. ನೋಡುವವರಿಗೆ ಬೇಕಾದ್ದಕ್ಕೆ ಮಾತ್ರ ಹಣ ಕೊಡುವ ಸ್ವಾತಂತ್ರ್ಯ ಎಂದು ಆಗ ಹೇಳಿದರು. ಆದರೆ ಓಣಿಯ ಹೆಣ್ಣುಮಕ್ಕಳಿಗೆ ಆ ಪಟ್ಟಿ ಓದಿ ಆರಿಸುವುದೇ ಒಂದು ಕೆಲಸವಾಯಿತು. ಕೇಬಲ್ ತಮ್ಮನ ಪುಸ್ತಕ ಹೋಗಿ ಕೈಗೆ ಸಣ್ಣ ಯಂತ್ರ ಬಂತು. ಹಣ ಕಟ್ಟದಿದ್ದರೆ ಚಾನೆಲ್ ತಾನೇ ನಿಲ್ಲುತ್ತಿತ್ತು, ಬಿಡಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಾಗಲೇ, 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ, ಹುಡುಗರು ಟಿ.ವಿ. ಬಿಟ್ಟು ಮೊಬೈಲಿಗೆ ಹೋಗಿದ್ದರು. 2022ರಲ್ಲಿ ಐಪಿಎಲ್ ಹಕ್ಕುಗಳ ಹರಾಜಾದಾಗ ಐದು ವರ್ಷಕ್ಕೆ ಟಿ.ವಿ.ಯ ಹಕ್ಕು 23,575 ಕೋಟಿ ರೂಪಾಯಿಗೆ ಒಬ್ಬರ ಪಾಲಾದರೆ, ಭಾರತದ ಡಿಜಿಟಲ್ ಹಕ್ಕು 20,500 ಕೋಟಿಗೆ ಇನ್ನೊಬ್ಬರ ಪಾಲಾಯಿತು. ಒಂದೇ ಆಟ, ಎರಡು ದಾರಿ. ಹೊಸ ದಾರಿಯ ಬೆಲೆ ಹಳೆಯದಕ್ಕೆ ಹತ್ತಿರ ಬಂದಿತ್ತು.

ನಮ್ಮ ಮನೆಗೆ ಫೈಬರ್ ಎಳೆಯಲು ಬಂದವನೂ ಅದೇ ಕೇಬಲ್ ತಮ್ಮ. ಪಡಸಾಲೆಯ ಹೊಸ್ತಿಲ ಮೇಲೆ ಕುಳಿತು, ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಸಿಪ್ಪೆ ಸುಲಿದು, ಸ್ಪಿರಿಟ್ ಹಚ್ಚಿದ ಕಾಗದದಿಂದ ಒರೆಸಿ, ಒಂದು ಸಣ್ಣ ಯಂತ್ರದಲ್ಲಿ ಎರಡು ತುದಿಗಳನ್ನಿಟ್ಟು ಮುಚ್ಚಳ ಹಾಕಿದ. ಯಂತ್ರದ ಪುಟ್ಟ ಪರದೆಯಲ್ಲಿ ಎರಡು ಎಳೆಗಳು ಹತ್ತಿರ ಬಂದು, ಒಂದು ಕಿಡಿ ಹೊಳೆದು, ಬೆಸೆದುಕೊಂಡವು. ಅವನ ಕೈ ಒಂದಿಷ್ಟೂ ಅಲುಗಲಿಲ್ಲ. "ಅಕ್ಕಾ, ಮೊದಲು ಏನು ತೋರಿಸಬೇಕು ಎಂಬುದು ನನ್ನ ಕೈಯಲ್ಲಿತ್ತು. ಈಗ ನಾನು ಬರೀ ದಾರಿ ಹಾಕುವವನು. ಆ ದಾರಿಯಲ್ಲಿ ಏನು ಹೋಗುತ್ತದೆ, ಏನು ಬರುತ್ತದೆ ಎಂಬುದು ನನಗೆ ಕಾಣಿಸುವುದೂ ಇಲ್ಲ" ಎಂದ. ಅವನ ಸ್ವಂತ ಚಾನೆಲ್ ನಿಂತು ವರ್ಷಗಳಾಗಿವೆ.

ಮಳೆಯ ಲೆಕ್ಕ, ಕೊಡದ ಲೆಕ್ಕ

ಈ ಎಲ್ಲ ಬದಲಾವಣೆಯ ಅಡಿಯಲ್ಲಿ ಒಂದು ಮೂಲ ವ್ಯತ್ಯಾಸವಿದೆ. ಅದು ನನಗೆ ಹೊಳೆದದ್ದು ಒಂಬತ್ತನೆಯ ತರಗತಿಯ ಮಕ್ಕಳಿಗೆ ತರಂಗಗಳ ಪಾಠ ಮಾಡುವಾಗ. ಪ್ರಸಾರ ಎಂದರೆ ಮಳೆ. ಗೋಪುರದಿಂದಲೋ ಉಪಗ್ರಹದಿಂದಲೋ ಒಮ್ಮೆ ಬಿಟ್ಟರೆ ಅದರ ನೆರಳಿನಡಿಯ ಎಲ್ಲ ಹೊಲಗಳ ಮೇಲೂ ಬೀಳುತ್ತದೆ. ಹತ್ತು ಮನೆಯವರು ನೋಡಿದರೂ ಅಷ್ಟೇ ಖರ್ಚು, ಹತ್ತು ಲಕ್ಷ ಮನೆಯವರು ನೋಡಿದರೂ ಅಷ್ಟೇ ಖರ್ಚು. ಯಾರು ನೋಡಿದರು ಎಂದು ಮಳೆಗೆ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಅಂತರ್ಜಾಲದ ಮೂಲಕ ಬರುವುದು ನಲ್ಲಿಯ ನೀರು. ಚಿತ್ರವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ನನ್ನ ಟಿ.ವಿ. ಒಂದೊಂದೇ ತುಂಡನ್ನು ಕೇಳಿ ತರಿಸಿಕೊಳ್ಳುತ್ತದೆ. ಪಕ್ಕದ ಮನೆಯವರು ಅದನ್ನೇ ನೋಡುತ್ತಿದ್ದರೂ ಅವರಿಗೆ ಬೇರೆಯಾಗಿಯೇ ತುಂಡುಗಳು ಹೋಗಬೇಕು. ದಾರಿ ಇಕ್ಕಟ್ಟಾದರೆ ಮಸುಕಾದ ತುಂಡು ಬರುತ್ತದೆ, ದಾರಿ ಬಿಡುವಾದರೆ ಸ್ಪಷ್ಟ ತುಂಡು ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕೊಡ ತುಂಬುವುದರಿಂದಲೇ ಯಾರ ಕೊಡ, ಎಷ್ಟು ತುಂಬಿತು, ಯಾವಾಗ ತುಂಬಿತು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಅದು ಹೆಸರು ಕೇಳುತ್ತದೆ, ನಂಬರ್ ಕೇಳುತ್ತದೆ. ಹಾಗಾಗಿಯೇ ಅವ್ವನನ್ನು ಆರು ಅಂಕಿ ಕೇಳಿತು.

ಐವತ್ತು ವರ್ಷ ಟಿ.ವಿ. ನೋಡಿದ ಅವ್ವನನ್ನು ಅದು ಎಂದೂ ನೀನು ಯಾರು ಎಂದು ಕೇಳಿರಲಿಲ್ಲ.

ಈ ಕೊಡದ ಲೆಕ್ಕ ನಮ್ಮ ಕಡೆಯ ಬಡ ಮನೆಗಳಲ್ಲಿ ಹೇಗೆ ಬೀಳುತ್ತದೆ ಎಂಬುದನ್ನು ನನ್ನ ವಿದ್ಯಾರ್ಥಿಗಳ ಮನೆಗಳಲ್ಲಿ ನೋಡಿದ್ದೇನೆ. ಎಚ್‌ಡಿ ಚಿತ್ರ ಒಂದು ಗಂಟೆಗೆ 3 ಜಿಬಿಯವರೆಗೂ ನುಂಗಬಲ್ಲದು. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಎಂದರೆ ಅರ್ಧ ಗಂಟೆ. ಕೂಲಿಗೆ ಹೋಗುವ ಮನೆಯಲ್ಲಿ ಒಂದು ಮೊಬೈಲ್, ಅದು ಅಪ್ಪನ ಜೇಬಿನಲ್ಲಿ. ಅಪ್ಪ ಬೆಳಿಗ್ಗೆ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗೆ ಹೊರಟರೆ ಮನೆಯ ಟಿ.ವಿ.ಯೂ ಅವನ ಜೊತೆಯಲ್ಲೇ ಹೊರಟಂತೆ. ಮನೆಯಲ್ಲಿ ಉಳಿಯುವ ಹೆಣ್ಣುಮಕ್ಕಳಿಗೂ ಮುದುಕರಿಗೂ ಏನೂ ಉಳಿಯುವುದಿಲ್ಲ. ಹಿಂದೆ ಸಿಗ್ನಲ್ ಊರಿಗೆ ಬರುತ್ತದೆಯೇ ಎಂಬುದು ಪ್ರಶ್ನೆಯಾಗಿತ್ತು. ಈಗ ಸಿಗ್ನಲ್ ಬಹುತೇಕ ಎಲ್ಲ ಊರಿಗೂ ಬರುತ್ತದೆ, ಮನೆಯೊಳಗಿನ ಯಾರ ಕೈಗೆ ಬರುತ್ತದೆ ಎಂಬುದು ಪ್ರಶ್ನೆ.

ಗೋಪುರ ಸುಮ್ಮನಾದದ್ದು

2021ರಲ್ಲಿ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ದೇಶದ ಹಳೆಯ ಅನಲಾಗ್ ಪ್ರಸಾರ ಯಂತ್ರಗಳನ್ನು ನಿಲ್ಲಿಸುತ್ತಾ ಬಂತು. 2022ರ ಮಾರ್ಚ್‌ನೊಳಗೆ, ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು ಐವತ್ತನ್ನು ಬಿಟ್ಟು ಉಳಿದೆಲ್ಲ ನಿಲ್ಲಬೇಕೆಂಬ ತೀರ್ಮಾನ. ತಂತ್ರಜ್ಞಾನ ಹಳತಾಗಿದೆ, ಖರ್ಚು ಉಳಿಯುತ್ತದೆ, ಖಾಲಿಯಾಗುವ ತರಂಗಾಂತರ 5ಜಿಯಂಥ ಹೊಸ ಸೇವೆಗಳಿಗೆ ಸಿಗುತ್ತದೆ ಎಂಬುದು ಕಾರಣ. ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿ ಊರಿನಲ್ಲಿ ಬೇಸರ ಎದ್ದಾಗ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು: ಅಸ್ಸಾಮಿನ ಸಿಲ್ಚರ್, ನಮ್ಮ ಕಲಬುರಗಿಯಂಥ ಕೇಂದ್ರಗಳು ಕಾರ್ಯಕ್ರಮ ತಯಾರಿಸುವುದನ್ನು ಮುಂದುವರಿಸುತ್ತವೆ, ಅವು ಯೂಟ್ಯೂಬ್‌ನಲ್ಲಿ ಬರುತ್ತವೆ, ರಾಜ್ಯದ ಉಪಗ್ರಹ ವಾಹಿನಿಗೂ ಹೋಗುತ್ತವೆ.

ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಈಗಲೂ ಆ ಕಾರಣಗಳನ್ನು ಅಲ್ಲಗಳೆಯುವುದಿಲ್ಲ. ಛಾವಣಿಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಇಟ್ಟುಕೊಂಡವರು ನಮ್ಮ ಊರಲ್ಲಿ ಎಷ್ಟು ಜನ ಉಳಿದಿದ್ದರು? ಆದರೆ ಯೂಟ್ಯೂಬ್‌ನಲ್ಲಿ ಇರುತ್ತದೆ ಎಂಬ ಮಾತಿನ ಅರ್ಥ ಅವ್ವನ ಬಿಳಿ ಚೌಕವನ್ನು ನೋಡಿದ ಮೇಲೆ ಬೇರೆಯಾಗಿ ಕೇಳಿಸತೊಡಗಿತು. ಕಲಬುರಗಿ ಕೇಂದ್ರದ ಕಾರ್ಯಕ್ರಮ ಈಗ ಮೆಲ್ಬರ್ನಿನಲ್ಲಿ ಇರುವವರಿಗೂ ಸಿಗುತ್ತದೆ. ಆದರೆ ಅದು ಅಲ್ಲಿದೆ ಎಂದು ಗೊತ್ತಿದ್ದು, ಹೆಸರು ಬರೆದು ಹುಡುಕಲು ಬಂದವರಿಗೆ ಮಾತ್ರ. ಗೋಪುರದಿಂದ ಬಂದಾಗ ಅದನ್ನು ಯಾರೂ ಹುಡುಕಬೇಕಾಗಿರಲಿಲ್ಲ. ಟಿ.ವಿ. ಹಚ್ಚಿದರೆ ಎದುರಿಗೆ ಇರುತ್ತಿತ್ತು. ತೊಗರಿಗೆ ಬೀಳುವ ಗೊಡ್ಡು ರೋಗದ ಬಗ್ಗೆ ಅಪ್ಪ ಕೇಳಿ ತಿಳಿದುಕೊಂಡದ್ದು ಹಾಗೆಯೇ, ಬೇಕೆಂದು ಹುಡುಕಿ ಅಲ್ಲ. ರೊಟ್ಟಿ ತಿನ್ನುತ್ತಾ ಕುಳಿತಿದ್ದಾಗ ಟಿ.ವಿ.ಯಲ್ಲಿ ಯಾರೋ ಹೇಳುತ್ತಿದ್ದರು, ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿದ. ಹುಡುಕಿದರೆ ಸಿಗುವುದಕ್ಕೂ ಹುಡುಕದೆಯೇ ಎದುರಾಗುವುದಕ್ಕೂ ಇರುವ ದೂರ ಬಹಳ ದೊಡ್ಡದು. ತನಗೆ ಏನು ತಿಳಿಯದು ಎಂಬುದೇ ತಿಳಿಯದವನು ಏನೆಂದು ಹುಡುಕಬೇಕು?

ಅಂತರ್ಜಾಲವಿಲ್ಲದೆ ಮೊಬೈಲಿಗೇ ನೇರವಾಗಿ ಟಿ.ವಿ. ಪ್ರಸಾರ ಮಾಡುವ ಪ್ರಯೋಗಗಳು ದೇಶದಲ್ಲಿ ನಡೆದಿವೆ, ಬೆಂಗಳೂರಿನಲ್ಲೂ ನಡೆದಿವೆ. ಮಳೆಯ ಹಾಗೆ ಬೀಳುವುದನ್ನು ಮೊಬೈಲೇ ಹಿಡಿದುಕೊಳ್ಳುವ ಏರ್ಪಾಡು. ಅದು ನಮ್ಮ ಹಳ್ಳಿಗಳಿಗೆ ಬಂದರೆ ಮೊದಲು ಸಂತೋಷಪಡುವವರಲ್ಲಿ ನಾನೂ ಒಬ್ಬಳು. ಸೈಟ್ ಪ್ರಯೋಗಕ್ಕೆ ನಮ್ಮ ಜಿಲ್ಲೆಯನ್ನೂ ಆರಿಸಿಕೊಂಡವರು ಇದನ್ನೂ ಇಲ್ಲಿಂದಲೇ ಶುರುಮಾಡಲಿ ಎಂದು ಆಸೆಯಿದೆ.

ನಮ್ಮ ಮಾತು ಪರದೆಗೆ ಬಂದದ್ದು

ಇಷ್ಟು ಬರೆದ ಮೇಲೆ ಇನ್ನೊಂದು ಬದಿಯನ್ನೂ ಅಷ್ಟೇ ಮನಸ್ಸಿಟ್ಟು ಬರೆಯಬೇಕು. ನಲವತ್ತು ವರ್ಷ ನಾವು ಟಿ.ವಿ.ಯಲ್ಲಿ ಕೇಳಿದ ಕನ್ನಡ ಬೆಂಗಳೂರು, ಮೈಸೂರು ಕಡೆಯ ಕನ್ನಡ. ಧಾರಾವಾಹಿಗಳಲ್ಲಿ ನಮ್ಮ ಕಡೆಯ ಮಾತು ಬಂದರೆ ಅದು ಕೆಲಸದಾಳಿನ ಬಾಯಲ್ಲಿ, ಇಲ್ಲವೇ ನಗಿಸುವವನ ಬಾಯಲ್ಲಿ. ನಾಯಕಿ ಎಂದೂ ನಮ್ಮ ಹಾಗೆ ಮಾತನಾಡಲಿಲ್ಲ. ನನ್ನ ತರಗತಿಯ ಹೆಣ್ಣುಮಕ್ಕಳು ಪ್ರಬಂಧ ಸ್ಪರ್ಧೆಗೆ ಬೆಂಗಳೂರಿಗೆ ಹೋದರೆ ಅಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದರು. ಆ ಹೆದರಿಕೆಯ ಒಂದು ಪಾಲು ಟಿ.ವಿ. ಕಲಿಸಿದ್ದು ಎಂದು ನಾನು ನಂಬಿದ್ದೇನೆ.

ಅದನ್ನು ಮುರಿದದ್ದು ಯೂಟ್ಯೂಬ್. ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಹುಡುಗರು ಹೊಲದ ಬದುವಿನ ಮೇಲೆ, ಚಹಾದಂಗಡಿಯ ಮುಂದೆ ಮೊಬೈಲ್ ನಿಲ್ಲಿಸಿ ನಾಟಕ ಮಾಡಿದರು, ಅತ್ತೆ ಸೊಸೆಯ ಜಗಳ ಮಾಡಿದರು, ಉರ್ದು, ಮರಾಠಿ, ತೆಲುಗು ಎಲ್ಲ ಬೆರೆತ ನಮ್ಮದೇ ಮಾತಿನಲ್ಲಿ ಮಾಡಿದರು. ಯಾವ ಚಾನೆಲಿನ ಕಚೇರಿಗೂ ಹೋಗಿ ಅವರು ಅನುಮತಿ ಕೇಳಲಿಲ್ಲ. ತಾಂಡಾಗಳ ಹೆಣ್ಣುಮಕ್ಕಳು ಹಾಡುವ ಲಂಬಾಣಿ ಹಾಡುಗಳು, ಮೊಹರಮ್ಮಿನ ರಿವಾಯತ್ ಪದಗಳು, ತತ್ವಪದ ಭಜನೆಗಳು ಈಗ ಅಲ್ಲಿವೆ. ಅಪ್ಪ ಬದುಕಿದ್ದಾಗ ರಾತ್ರಿ ಭಜನೆಯಲ್ಲಿ ಹಾಡುತ್ತಿದ್ದ ಒಂದು ತತ್ವಪದವನ್ನು, ಅದೇ ಧಾಟಿಯಲ್ಲಿ, ಆಳಂದ ತಾಲ್ಲೂಕಿನ ಯಾರೋ ಹಿರಿಯರು ಹಾಡಿದ್ದು ಒಂದು ರಾತ್ರಿ ನನಗೆ ಅಲ್ಲಿ ಸಿಕ್ಕಿತು. ಎದ್ದು ಅವ್ವನ ಹಾಸಿಗೆಯ ಬಳಿ ಹೋಗಿ ಮೊಬೈಲನ್ನು ಕಿವಿಯ ಹತ್ತಿರ ಹಿಡಿದೆ. ಕಣ್ಣು ಮುಚ್ಚಿಯೇ ಕೇಳಿದಳು. ಎರಡನೆಯ ನುಡಿಗೆ ತಾಳ ಹಿಡಿದವರ ಕೈ ತಪ್ಪಿತು. "ನಿಮ್ಮಪ್ಪನೂ ಇಲ್ಲೇ ತಪ್ಪುತ್ತಿದ್ದ" ಎಂದಳು.

ಹೇಳುವವರಿಗೆ ಬಾಗಿಲು ತೆರೆಯಿತು, ಅದೇ ಹೊತ್ತಿಗೆ ನೋಡುವವರಿಗೆ ಚಿಲಕ ಬಿತ್ತು. ಎರಡನ್ನೂ ಮಾಡಿದ್ದು ಒಂದೇ ತಂತಿ. ಒಂದನ್ನು ಹೊಗಳಲು ಇನ್ನೊಂದನ್ನು ಮರೆಯಲು ನನ್ನಿಂದಾಗುವುದಿಲ್ಲ.

ಆಗ್ನೇಯ ಮೂಲೆ

ಕೊನೆಗೆ ನಾನು ಮಾಡಿದ್ದು ಇಷ್ಟು. ಡಿಡಿ ಫ್ರೀ ಡಿಶ್ ಹಾಕಿಸಿದೆ. ಒಮ್ಮೆ ಡಿಶ್ಶಿಗೂ ಬಾಕ್ಸಿಗೂ ಹಣ ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ, ನಂಬರ್ ಕೇಳುವುದಿಲ್ಲ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು ಇದು. ನಮ್ಮಂಥವರು ಮರೆತಿದ್ದೇವೆ, ಹಳ್ಳಿಗಳು ಮರೆತಿಲ್ಲ. ಅದನ್ನೂ ಕೇಬಲ್ ತಮ್ಮನೇ ಬಂದು ಮಾಳಿಗೆಯ ಮೇಲೆ ಕೂರಿಸಿದ. ಸಣ್ಣ ತಟ್ಟೆ, ಆಗ್ನೇಯಕ್ಕೆ ಮುಖ. ಐವತ್ತು ವರ್ಷದ ಹಿಂದೆ ಪಡುವಣಕ್ಕೆ ವಾಲಿದ್ದ ಆ ತಂತಿಯ ಬುಟ್ಟಿಯ ಬಗ್ಗೆ ಅವನಿಗೆ ಹೇಳಿದೆ. ಅಷ್ಟು ದೊಡ್ಡದಿತ್ತೇ ಎಂದು ಎರಡೂ ಕೈ ಅಗಲಿಸಿ ಅಳತೆ ಕೇಳಿದ. ಎಲ್ಲ ಚಾನೆಲುಗಳೂ ಇದರಲ್ಲಿ ಬರುವುದಿಲ್ಲ, ಅವ್ವನ ಸಂಜೆಯ ಧಾರಾವಾಹಿಯೂ ಬರುವುದಿಲ್ಲ. ಆದರೆ ಚಂದನ ಬರುತ್ತದೆ, ರಿಮೋಟಿನಲ್ಲಿ ಅಂಕಿಗಳಿವೆ. ಹೊಸ ಸಂಖ್ಯೆಯನ್ನು ಅವ್ವ ಎರಡು ದಿನದಲ್ಲಿ ಬಾಯಿಪಾಠ ಮಾಡಿದಳು.

ಈ ವರ್ಷ ನಮ್ಮೂರ ಜಾತ್ರೆಗೆ ಅವ್ವನಿಗೆ ಹೋಗಲಾಗಲಿಲ್ಲ. ಮೊಣಕಾಲು ಕೇಳುವುದಿಲ್ಲ. ಊರಿನ ಹುಡುಗರು ತೇರು ಎಳೆಯುವುದನ್ನು ಮೊಬೈಲಿನಿಂದಲೇ ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸುತ್ತಿದ್ದರು. ಪುಣೆಯಲ್ಲಿ ತಮ್ಮ ನೋಡುತ್ತಿದ್ದ, ಮುಂಬೈಗೆ ದುಡಿಯಲು ಹೋದ ನಮ್ಮೂರವರು ನೋಡುತ್ತಿದ್ದರು. ನಾನು ಮೊಬೈಲನ್ನು ಅವ್ವನ ಕೈಗೆ ಕೊಟ್ಟೆ. ಚಿತ್ರ ಒಮ್ಮೊಮ್ಮೆ ಮಸುಕಾಗುತ್ತಿತ್ತು, ದನಿ ಕತ್ತರಿಸುತ್ತಿತ್ತು. ಆದರೂ ಗದ್ದಲದ ನಡುವೆ ಅವ್ವ ಒಬ್ಬೊಬ್ಬರನ್ನೇ ಗುರುತಿಸಿದಳು. ಇವಳು ಗೌಡರ ಸೊಸೆ, ಇವನು ಬಡಿಗೇರ ಮನೆಯ ಮೊಮ್ಮಗ, ಅಯ್ಯೋ ಇವಳು ಇಷ್ಟು ಬಡವಾಗಿದ್ದಾಳಲ್ಲ. ತೇರಿನ ಹಗ್ಗ ಹಿಡಿದವರಲ್ಲಿ ಕೇರಿಯ ಹುಡುಗರೂ ಇದ್ದರು. ಕ್ಯಾಮೆರಾ ಹಿಡಿದು ತೋರಿಸುತ್ತಿದ್ದವನೂ ಆ ಕೇರಿಯವನೇ ಎಂದು ಅವನ ಮಾತಿನ ನಡುವೆ ತಿಳಿಯಿತು. ಜನ ಉತ್ತತ್ತಿ ಎಸೆಯುತ್ತಿದ್ದರು. ತೇರು ಅಗಸೆಯ ಹತ್ತಿರ ಬಂದು ಪರದೆಯ ತುಂಬ ನಿಂತಾಗ ಅವ್ವ ಸೆರಗು ತಲೆಯ ಮೇಲೆಳೆದುಕೊಂಡು, ಬಲಗೈ ಬೆರಳುಗಳಿಂದ ತೇರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮತ್ತೊಮ್ಮೆ ಮುಟ್ಟಿದಳು. ತೇರು ನಿಂತುಬಿಟ್ಟಿತು. ಎಸೆದ ಉತ್ತತ್ತಿಗಳು ಗಾಳಿಯಲ್ಲೇ ನಿಂತವು.

ಅವ್ವ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಮುಖ ನೋಡಿದಳು. "ನೀನು ಏನೂ ಕೆಡಿಸಿಲ್ಲ" ಎಂದೆ. ಅವಳ ಬೆರಳನ್ನು ಹಿಡಿದು ಪರದೆಯ ನಡುವಿನ ಗುರುತಿನ ಮೇಲೆ ಒತ್ತಿಸಿದೆ. ತೇರು ಮತ್ತೆ ಮುಂದೆ ಸರಿಯಿತು.